ಹೊದಿಕೆಯ ಧರ್ಮ

ಲೋಕದಲ್ಲಿ ಕೆಲವು ಕ್ರಿಯೆಗಳಿವೆ; ಅವು ಪುಣ್ಯದ ಪಟ್ಟಿಯಲ್ಲಿ ಸೇರತಕ್ಕವೋ ಪಾಪದ ಪಟ್ಟಿಯಲ್ಲಿ ಸೇರತಕ್ಕವೋ ಎಂಬುದು ಅವುಗಳ ಹೆಸರಿನಿಂದ ಮಾತ್ರವೇ ತಿಳಿಯುವುದಿಲ್ಲ. ಮುಚ್ಚುವುದು ಅಂಥ ಒಂದು ಕ್ರಿಯೆ. ತಾಯಿಯು ಮಲಗಿದ ಮಗುವಿಗೆ ಕಂಬಳಿ ಮುಚ್ಚುತ್ತಾಳೆ. ಹಣ ತಿಂದ ಗುಮಾಸ್ತನು ಲೆಕ್ಕದ ಪುಟವನ್ನು ಮುಚ್ಚುತ್ತಾನೆ. ಎರಡಕ್ಕೂ ನಮ್ಮ ನುಡಿಯಲ್ಲಿರುವುದು ಒಂದೇ ಶಬ್ದ. ಮನೆಯ ಮಾತು ಹೊಸ್ತಿಲು ದಾಟಬಾರದೆಂದು ಹಿರಿಯರು ನಮಗೆ ಕಲಿಸಿದರು. ಯಾವುದನ್ನೂ ಮರೆಮಾಡದೆ ಎಲ್ಲವನ್ನೂ ಬಯಲಿಗೆ ತರುವುದೇ ಸತ್ಯನಿಷ್ಠೆಯೆಂದು ಈಗಿನವರಲ್ಲಿ ಹಲವರು ವಾದಿಸುತ್ತಾರೆ. ಈ ಎರಡು ಪಕ್ಷಗಳಲ್ಲಿ ಯಾವುದು ಗ್ರಾಹ್ಯ? ಮಕ್ಕಳನ್ನು ಸಾಕುವವರಿಗೂ, ವೃದ್ಧರೊಡನೆ ಬಾಳುವವರಿಗೂ, ನಾಲ್ಕು ಜನರ ಮೇಲೆ ಅಧಿಕಾರ ನಡೆಸುವವರಿಗೂ ಈ ಪ್ರಶ್ನೆಯು ಒಂದಲ್ಲ ಒಂದು ದಿನ ಎದುರಾಗಿಯೇ ತೀರುತ್ತದೆ.

ಇಂಥ ಪ್ರಶ್ನೆಯನ್ನು ಕೇವಲ ತರ್ಕದಿಂದ ಬಗೆಹರಿಸಹೊರಟರೆ ವಾದಕ್ಕೆ ಪ್ರತಿವಾದ ಹುಟ್ಟೀತೇ ಹೊರತು ಮನಸ್ಸಿಗೆ ಸಮಾಧಾನವಾಗದು. ಮುಚ್ಚುವುದನ್ನೇ ಕಸುಬಾಗಿ ಉಳ್ಳವರ ಕೈಗೆಲಸವನ್ನು ನೋಡಿದರೆ ಹೆಚ್ಚು ತಿಳಿವಳಿಕೆ ಬರುವ ಸಂಭವವುಂಟು. ಆದಕಾರಣ ವಾಚಕರು ಸ್ವಲ್ಪ ಹೊತ್ತು ನನ್ನೊಡನೆ ಮನೆಯ ಹಿತ್ತಿಲಿಗೆ ಬರಬೇಕೆಂದು ಬೇಡುತ್ತೇನೆ. ಅಲ್ಲಿ ಗುದ್ದಲಿ, ಹಾರೆ, ಬುಟ್ಟಿ, ಬಿತ್ತನೆಯ ಬೀಜ ಇವುಗಳನ್ನಿಡುವ ಹಲಗೆಯ ಸಣ್ಣ ಕೊಟ್ಟಿಗೆಯೊಂದು ಇದೆಯೆಂದೂ, ಅದರ ಇಳಿಜಾರು ಮಾಡಿಗೆ ಡಾಂಬರು ಹಾಳೆಯನ್ನು ಹೊದಿಸಬೇಕಾಗಿದೆಯೆಂದೂ ಭಾವಿಸೋಣ. ವಿಷಯವು ಅಲ್ಪವೆಂದು ಯಾರೂ ನಗಬೇಕಾಗಿಲ್ಲ. ಮಳೆಯು ಅರಮನೆಯ ಮೇಲೂ ಕೊಟ್ಟಿಗೆಯ ಮೇಲೂ ಒಂದೇ ನಿಯಮದಿಂದ ಬೀಳುತ್ತದೆ. ತೂತು ಎಲ್ಲಿದೆಯೋ ಅಲ್ಲಿಯೇ ಇಳಿಯುತ್ತದೆ.

ಕೆಲಸಕ್ಕೆ ಕೈಯಿಡುವ ಮೊದಲು ಶಬ್ದವನ್ನು ವಿಚಾರಿಸುವುದು ನಮ್ಮಂಥ ಪಾಠಶಾಲೆಯವರ ಅಭ್ಯಾಸ. ಸಂಸ್ಕೃತದಲ್ಲಿ ಮುಚ್ಚುವುದು ಎಂಬರ್ಥದ ಛದ್ ಎಂಬ ಧಾತುವಿದೆ. ಮನೆಯ ಮಾಡನ್ನು ಹೇಳುವ ಛದಿಸ್, ಎಲೆಯನ್ನೂ ಹಕ್ಕಿಯ ರೆಕ್ಕೆಯನ್ನೂ ಹೇಳುವ ಛದ, ಕೊಡೆಯನ್ನು ಹೇಳುವ ಛತ್ರ, ಇವೆಲ್ಲ ಅದರಿಂದಲೇ ಬಂದವು. ಕಪಟವನ್ನು ಹೇಳುವ ಛದ್ಮವೂ ಅದೇ ಧಾತುವಿನ ಸಂತಾನ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬನು ರಕ್ಷಕ, ಇನ್ನೊಬ್ಬನು ವಂಚಕ. ಅಷ್ಟೇ ಅಲ್ಲ. ವಿದ್ಯಾರ್ಥಿಗೆ ಹೇಳುವ ಛಾತ್ರ ಎಂಬ ಪದವನ್ನು ವೈಯಾಕರಣರು ಛತ್ರದಿಂದಲೇ ಸಾಧಿಸುತ್ತಾರೆ. ಗುರುವಿನ ಕೆಲಸದಲ್ಲಿ ಎಚ್ಚರವಾಗಿದ್ದು ಆತನ ಛಿದ್ರಗಳನ್ನು ಕೊಡೆಯಂತೆ ಮುಚ್ಚುವವನು ಛಾತ್ರನೆಂಬುದು ಕಾಶಿಕಾವೃತ್ತಿಯ ವಿವರಣೆಯ ತಾತ್ಪರ್ಯ. ಛಿದ್ರವೆಂದರೆ ತೂತೂ ಹೌದು, ದೋಷವೂ ಹೌದು. ಕನ್ನಡವು ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಮರಕ್ಕೆ ಹಿಡಿದರೂ ಹುಳುಕು, ನಡತೆಯಲ್ಲಿದ್ದರೂ ಹುಳುಕು.

ನಮ್ಮ ನಾಡಿನಲ್ಲಿ ಮಾಡು ಹೊದಿಸುವ ಬಗೆಗಳು ಹಲವು. ಬಯಲುಸೀಮೆಯಲ್ಲಿ ಮಣ್ಣಿನ ಮಾಳಿಗೆಯಿತ್ತು. ಮಲೆನಾಡಿನಲ್ಲಿ ಹುಲ್ಲನ್ನೂ ಅಡಕೆಯ ಸೋಗೆಯನ್ನೂ ಮಳೆಗಾಲಕ್ಕೆ ಮುಂಚಿತವಾಗಿ ಹೊಸದಾಗಿ ಹೊದಿಸುತ್ತಿದ್ದರು. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಬಳಿಕ ಕೆಂಪು ಹೆಂಚು ಊರೂರಿಗೆ ಹಬ್ಬಿತು. ಡಾಂಬರು ಹಾಳೆಯು ಇವುಗಳಿಗಿಂತ ಈಚಿನದು. ನಾರಿನ ಹಾಳೆಯನ್ನು ಬಿಟುಮೆನ್ನಿನಲ್ಲಿ ನೆನೆಯಿಸಿ, ಮೇಲೆ ಮರಳನ್ನೋ ಕಲ್ಲಿನ ಸಣ್ಣ ಹರಳನ್ನೋ ಅಂಟಿಸಿ, ಸುಮಾರು ೧ ಮೀಟರು ಅಗಲದ ಸುರುಳಿಗಳಾಗಿ ಅದನ್ನು ಮಾರುತ್ತಾರೆ. ಇಂಗ್ಲೆಂಡಿನ ಮನೆಗಳ ಹಿತ್ತಿಲಿನಲ್ಲಿ ತೋಟದ ಸಾಮಾನಿಡುವ ಹಲಗೆಯ ಕೊಟ್ಟಿಗೆಗಳಿಗೆ ಇದು ಸರ್ವಸಾಮಾನ್ಯವಾದ ಹೊದಿಕೆ. ನಮ್ಮಲ್ಲಿಯೂ ಇದರ ಬಳಕೆಯುಂಟು. ಇದು ಹೇಗಿರಬೇಕೆಂಬುದಕ್ಕೆ ೧೩೨೨ನೆಯ ಸಂಖ್ಯೆಯ ಭಾರತೀಯ ಮಾನಕವೇ ಇದೆ.

ಈ ಕೆಲಸದಲ್ಲಿ ಮೊದಲನೆಯ ಹೆಜ್ಜೆ ಹೊದಿಸುವುದಲ್ಲ, ಬಿಚ್ಚುವುದು. ಹಳೆಯ ಹಾಳೆ ಹರಿದಿದ್ದರೆ ಅದರ ಮೇಲೆಯೇ ಹೊಸದನ್ನು ಬಡಿದುಬಿಡುವ ಆಶೆ ಯಾರಿಗಾದರೂ ಹುಟ್ಟುತ್ತದೆ. ಶ್ರಮವೂ ಉಳಿಯುತ್ತದೆ, ನೋಡುವವರಿಗೂ ಚೆನ್ನಾಗಿ ಕಾಣುತ್ತದೆ. ಆದರೆ ಬಲ್ಲವನು ಹಾಗೆ ಮಾಡುವುದಿಲ್ಲ. ಹಳೆಯ ಹಾಳೆಯನ್ನು ಪೂರ್ತಿಯಾಗಿ ಕೀಳುತ್ತಾನೆ. ಹಳೆಯ ಮೊಳೆಗಳನ್ನು ಒಂದೊಂದಾಗಿ ತೆಗೆಯುತ್ತಾನೆ. ಹಲಗೆಗಳನ್ನು ಚೂಪಾದ ಸಾಧನದಿಂದ ಒತ್ತಿ ನೋಡುತ್ತಾನೆ. ಮೆತ್ತಗಾಗಿರುವುದನ್ನು ತೆಗೆದು ಬೇರೆಯದನ್ನು ಹಾಕುತ್ತಾನೆ. ಉಳಿದುದನ್ನು ಒಣಗಲು ಬಿಡುತ್ತಾನೆ. ಏಕೆಂದರೆ ಡಾಂಬರು ಹಾಳೆಗೆ ಒಳಗು ಹೊರಗು ಎಂಬ ಪಕ್ಷಪಾತವಿಲ್ಲ. ಮೇಲಿನ ನೀರನ್ನು ಹೇಗೆ ಕೆಳಕ್ಕೆ ಬಿಡದೋ ಹಾಗೆಯೇ ಕೆಳಗಿನ ತೇವವನ್ನು ಮೇಲಕ್ಕೂ ಬಿಡದು. ಒದ್ದೆಯಾದ ಹಲಗೆಯ ಮೇಲೆ ಅದನ್ನು ಹೊದಿಸಿದರೆ ಆ ತೇವವು ಅಲ್ಲಿಯೇ ಸೆರೆಯಾಗಿ, ಬೂಷ್ಟು ಹುಟ್ಟಿ, ಮರವು ಕೊಳೆಯತೊಡಗುತ್ತದೆ. ಹೊರಗಿನಿಂದ ಒಂದು ಹನಿಯೂ ಒಳಗೆ ಬಾರದಿದ್ದರೂ ಮಾಡು ಕೆಡುತ್ತದೆ. ಮೇಲಿನಿಂದ ನೋಡುವವನಿಗೆ ಮಾತ್ರ ಎಲ್ಲವೂ ಹೊಸದಾಗಿಯೇ ಕಾಣುತ್ತಿರುತ್ತದೆ.

ಬಳಿಕ ಹೊದಿಸುವ ಕ್ರಮ. ಸುರುಳಿಯನ್ನು ಬಿಚ್ಚಿ ಹಾಳೆಯನ್ನು ನೆಲದ ಮೇಲೆ ಹಾಸಿ, ಅದರ ಸುತ್ತು ಸಡಿಲುವಂತೆ ಬಿಡಬೇಕು; ಇಲ್ಲವಾದರೆ ಸುಕ್ಕು ಬಿದ್ದು, ಸುಕ್ಕಿನಲ್ಲಿ ನೀರು ನಿಂತು, ಅಲ್ಲಿಯೇ ಸೀಳುತ್ತದೆ. ಕಡು ಚಳಿಯಲ್ಲಿ ಹಾಳೆ ಬಿರಿಯುತ್ತದೆ. ಉರಿಬಿಸಿಲಿನಲ್ಲಿ ಮೆತ್ತಗಾಗಿ ಕಾಲಿಗೆ ಅಂಟುತ್ತದೆ. ಮೊದಲನೆಯ ಪಟ್ಟಿಯನ್ನು ಸೂರಿನ ಅಂಚಿನಲ್ಲಿ ಹಾಕಿ, ನೀರು ಗೋಡೆಗೆ ತಾಗದಂತೆ ೫೦ ಮಿಲಿಮೀಟರಿನಷ್ಟು ಹೊರಚಾಚಬೇಕು. ಮೇಲಿನ ಪಟ್ಟಿಯು ಕೆಳಗಿನದನ್ನು ಕಡಮೆಯೆಂದರೆ ೭೫ ಮಿಲಿಮೀಟರಿನಷ್ಟು ಹತ್ತಿಕೊಂಡಿರಬೇಕು. ಹೀಗೆ ಕೆಳಗಿನಿಂದ ಮೇಲಕ್ಕೆ ನಡೆದು ಕೊನೆಗೆ ನೆತ್ತಿಯನ್ನು ಮುಚ್ಚುವುದು ಪದ್ಧತಿ. ಕೆಳಪಟ್ಟಿಯ ಮೇಲಂಚಿನ ಮೊಳೆಗಳು ಮೇಲುಪಟ್ಟಿಯ ಆಶ್ರಯದಲ್ಲಿ ಅಡಗುತ್ತವೆ. ಮೊಳೆಯು ಗಿಡ್ಡವಾಗಿ ಅಗಲ ತಲೆಯದಾಗಿರಬೇಕು. ಉದ್ದವಾದರೆ ಹಲಗೆಯನ್ನು ಹಾಯ್ದು ಒಳಗಿರುವವನ ತಲೆಗೆ ಚುಚ್ಚೀತು. ಇಷ್ಟಾದ ಮೇಲೆ ಇನ್ನೊಂದು ಎಚ್ಚರಿಕೆಯುಂಟು. ಮಾಡಿನ ಕೆಳಮೈಯನ್ನು ಮುಚ್ಚಕೂಡದು; ಗಾಳಿಯಾಡಲು ಗೋಡೆಯಲ್ಲಿ ಕಂಡಿಯನ್ನು ಬಿಟ್ಟಿರಬೇಕು. ಮರವು ಉಸಿರಾಡುವುದು ಅಲ್ಲಿಂದಲೇ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಒಣಗಿದ ಗಟ್ಟಿ ಹಲಗೆಯ ಮೇಲೆ ಹೊದಿಸಿದ್ದೂ ಅದೇ ಹಾಳೆ. ಕೊಳೆತ ಹಲಗೆಯ ಮೇಲೆ ಹೊದಿಸಿದ್ದೂ ಅದೇ ಹಾಳೆ. ಅದೇ ಮೊಳೆ, ಅದೇ ಸುತ್ತಿಗೆ, ಬೀದಿಯವರಿಗೆ ಅದೇ ನೋಟ. ಆದರೂ ಒಂದು ಛತ್ರ, ಇನ್ನೊಂದು ಛದ್ಮ. ಭೇದವು ಹಾಳೆಯಲ್ಲಿಲ್ಲ, ಅದನ್ನು ಹೊದಿಸುವುದಕ್ಕೆ ಹಿಂದೆ ಏನು ನಡೆಯಿತೆಂಬುದರಲ್ಲಿದೆ. ಬಿಚ್ಚಿ ನೋಡಿದವನಿಗೆ ಮಾತ್ರ ಮುಚ್ಚುವ ಅಧಿಕಾರವುಂಟೆಂಬುದು ಇದರಿಂದ ಸಿದ್ಧವಾಗುವ ಮೊದಲನೆಯ ನಿಯಮ.

ಮೂವತ್ತು ವರ್ಷಗಳಿಗೆ ಮೇಲ್ಪಟ್ಟ ಉಪಾಧ್ಯಾಯ ವೃತ್ತಿಯಲ್ಲಿ ಇದರ ಎರಡು ಮುಖಗಳನ್ನೂ ಕಂಡಿದ್ದೇನೆ. ಒಬ್ಬ ಹುಡುಗನು ಸಹಪಾಠಿಯ ಶುಲ್ಕದ ಹಣವನ್ನು ಕದ್ದನು. ಅಲ್ಲಿನ ಹಿರಿಯ ಉಪಾಧ್ಯಾಯರೊಬ್ಬರು ಅವನನ್ನು ಏಕಾಂತದಲ್ಲಿ ಕರೆದು, ನಡೆದುದನ್ನೆಲ್ಲ ಅವನ ಬಾಯಿಂದಲೇ ಹೇಳಿಸಿ, ಹಣವನ್ನು ಕೈಯಾರೆ ಹಿಂದಿರುಗಿಸುವಂತೆ ಮಾಡಿದರು. ಹಣ ಕಳೆದುಕೊಂಡವನಿಗೆ ಎಲ್ಲವೂ ತಿಳಿಯಿತು. ತರಗತಿಗೆ ಏನೂ ತಿಳಿಯಲಿಲ್ಲ. ಬೇರೊಂದು ಶಾಲೆಯಲ್ಲಿ ಶಿಕ್ಷಕನೊಬ್ಬನು ಮಕ್ಕಳನ್ನು ಕ್ರೂರವಾಗಿ ಹೊಡೆಯುತ್ತಿದ್ದನು. ಶಾಲೆಯ ಹೆಸರು ಕೆಡಬಾರದೆಂದು ಮೇಲಿನವರು ವಿಚಾರಣೆಯನ್ನೇ ನಡೆಸಲಿಲ್ಲ. ದೂರು ಹೇಳಿದ ತಾಯಿಯನ್ನು ಸಮಾಧಾನದ ಮಾತಿನಿಂದ ಕಳುಹಿಸಿಬಿಟ್ಟರು. ಮುಂದಿನ ವರ್ಷ ಅದೇ ಬೆತ್ತದ ಕೆಳಗೆ ಬೇರೆ ಮಕ್ಕಳು ಕುಳಿತರು. ಎರಡು ಕಡೆಯೂ ಮಾತು ಹೊರಗೆ ಹೋಗಲಿಲ್ಲವೆಂಬುದು ನಿಜ. ಆದರೆ ಮೊದಲನೆಯ ಹೊದಿಕೆಯು ಅದರ ಕೆಳಗಿದ್ದ ಹುಡುಗನ ಬಾಳಿಗಾಗಿ ಇತ್ತು. ಎರಡನೆಯದು ಬೀದಿಯವರ ಕಣ್ಣಿಗಾಗಿ ಇತ್ತು. ಯಾರಿಗೆ ನೆರಳಾಗಲೆಂದು ಮುಚ್ಚುತ್ತಿದ್ದೇವೆಂಬುದನ್ನು ಕೇಳಿಕೊಂಡರೆ ಧರ್ಮಸೂಕ್ಷ್ಮವು ಬಹುಮಟ್ಟಿಗೆ ಬಿಡಿಸಿಕೊಳ್ಳುತ್ತದೆ.

ಹಾಗಾದರೆ ಗುರುವಿನ ಛಿದ್ರವನ್ನು ಮುಚ್ಚುವ ಛಾತ್ರನ ಗತಿಯೇನು? ಅವನು ಅಧರ್ಮಕ್ಕೂ ಕೊಡೆ ಹಿಡಿಯಬೇಕೆ? ಪೂರ್ವಿಕರ ಅಭಿಪ್ರಾಯವು ಹಾಗಿರಲಾರದು. ತೈತ್ತಿರೀಯೋಪನಿಷತ್ತಿನಲ್ಲಿ ಓದು ಮುಗಿಸಿ ಹೊರಡುವ ಶಿಷ್ಯನಿಗೆ ಆಚಾರ್ಯನು ತನ್ನ ನಡತೆಯಲ್ಲಿಯೂ ಒಳಿತನ್ನು ಮಾತ್ರ ಆರಿಸಿಕೊಳ್ಳಬೇಕೆಂದು ತಾನೇ ಬೋಧಿಸುತ್ತಾನೆ. ತನ್ನ ಮಾಡಿನ ತೂತನ್ನು ತಾನೇ ತೋರಿಸುವ ಅಂಥ ಗುರುವಿಗೆ ಶಿಷ್ಯನು ಕೊಡೆ ಹಿಡಿದರೆ ಅದರಲ್ಲಿ ಕಪಟವಿಲ್ಲ. ಮತ್ತು ಕೊಡೆಯ ಸ್ವಭಾವವನ್ನೂ ನೋಡಬೇಕು. ಅದು ಮೇಲಿನಿಂದ ಮುಚ್ಚುತ್ತದೆ, ಕೆಳಗಿನಿಂದ ತೆರೆದಿರುತ್ತದೆ, ಕೆಳಗಿರುವವನನ್ನು ಉಸಿರುಕಟ್ಟಿಸುವುದಿಲ್ಲ. ಇದು ಎರಡನೆಯ ನಿಯಮ. ದೋಷವನ್ನು ಹೊರಗಿನವರಿಂದ ಮರೆಮಾಡುವ ಮನೆಯಲ್ಲಿ ಅದನ್ನು ಆಡಿಕೊಳ್ಳಲು ಒಳಗೊಂದು ಕಂಡಿಯಿರಬೇಕು. ಮಗಳು ತಾಯಿಗೆ, ಸೊಸೆಯು ಮಾವನಿಗೆ, ಕೈಕೆಳಗಿನವನು ಮೇಲಿನವನಿಗೆ ಅಂಜದೆ ಹೇಳಬಹುದಾದ ಜಾಗವಿಲ್ಲದಿದ್ದರೆ ಮರ್ಯಾದೆಯೆಂದು ನಾವು ಕರೆಯುವುದು ಒದ್ದೆ ಹಲಗೆಯ ಮೇಲಿನ ಡಾಂಬರು ಹಾಳೆಯೇ ಸರಿ.

ಎಲ್ಲವನ್ನೂ ಬಯಲಿಗೆ ತರಬೇಕೆನ್ನುವವರಿಗೂ ಈ ಕೆಲಸವು ಒಂದು ಮಾತನ್ನು ಹೇಳುತ್ತದೆ. ಹಾಳೆಯನ್ನು ಕಿತ್ತೆಸೆದು ಮನೆಗೆ ಹೋದವನು ಮಾಡನ್ನು ರಿಪೇರಿ ಮಾಡಿದವನಲ್ಲ. ಬಿಸಿಲು ಹಲಗೆಯನ್ನು ಒಣಗಿಸುತ್ತದೆಂಬುದು ಸತ್ಯ. ಆದರೆ ಬಿಚ್ಚಿಟ್ಟ ಹಲಗೆಯ ಮೇಲೆ ಮಳೆ ಸುರಿದರೆ ಮೊದಲಿಗಿಂತ ಹೆಚ್ಚು ಹಾಳಾಗುತ್ತದೆಂಬುದೂ ಅಷ್ಟೇ ಸತ್ಯ. ಆದುದರಿಂದ ಬಿಚ್ಚುವುದಕ್ಕೆ ಒಣಹವೆಯ ದಿನವನ್ನು ಆರಿಸುತ್ತಾರೆ. ಹೊಸ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡೇ ಹಳೆಯದಕ್ಕೆ ಕೈ ಹಾಕುತ್ತಾರೆ. ಜಗಳದ ಭರದಲ್ಲಿ ಒಬ್ಬರ ಹುಳುಕನ್ನು ಎತ್ತಿ ಆಡುವವನು ಸುರಿಮಳೆಯಲ್ಲಿ ಮಾಡು ಬಿಚ್ಚಿದವನು. ತಿದ್ದುವ ಸಂಕಲ್ಪವಿಲ್ಲದೆ ಮತ್ತೊಬ್ಬರ ದೋಷವನ್ನು ಹತ್ತು ಜನರ ಮುಂದೆ ತೆರೆದಿಡುವವನಿಗೆ ಸತ್ಯದ ಮೇಲಿರುವ ಪ್ರೀತಿಗಿಂತ ಬಿಚ್ಚುವ ಸುಖದ ಮೇಲಿರುವ ಪ್ರೀತಿಯೇ ಹೆಚ್ಚೆಂದು ಶಂಕಿಸಬೇಕಾಗುತ್ತದೆ.

ಇನ್ನೊಂದು ವಿಷಯ ಉಳಿದಿದೆ. ಎಷ್ಟು ಚೆನ್ನಾಗಿ ಹೊದಿಸಿದರೂ ಡಾಂಬರು ಹಾಳೆಯು ಶಾಶ್ವತವಲ್ಲ. ಬಿಸಿಲಿಗೆ ಅದು ವರ್ಷದಿಂದ ವರ್ಷಕ್ಕೆ ಬಿರುಸಾಗುತ್ತದೆ. ಮೇಲಿನ ಹರಳು ಉದುರಿ ಸೂರಿನಡಿ ಸೇರುತ್ತದೆ. ಕಡೆಗೆ ಅಂಚಿನಲ್ಲಿ ಬಿರುಕು ಕಾಣುತ್ತದೆ. ಮತ್ತೆ ಬಿಚ್ಚಬೇಕು, ಮತ್ತೆ ಒಣಗಿಸಬೇಕು, ಮತ್ತೆ ಮುಚ್ಚಬೇಕು. ಮನುಷ್ಯರ ನಡುವಣ ಕ್ಷಮೆಯೂ ಹಾಗೆಯೇ. ಒಮ್ಮೆ ಮುಚ್ಚಿದೆವೆಂದು ನಿಶ್ಚಿಂತರಾಗುವಂತಿಲ್ಲ. ಮುಚ್ಚಿದ್ದನ್ನು ಎಂದಿಗೂ ನೋಡಕೂಡದೆಂಬ ಭಯವೂ ಬೇಕಿಲ್ಲ. ಹೊಸ್ತಿಲು ದಾಟಬಾರದೆಂದ ಹಿರಿಯರ ಮಾತಿನಲ್ಲಿಯೂ, ಬಯಲಿಗೆ ಬರಲಿ ಎಂಬ ಕಿರಿಯರ ಮಾತಿನಲ್ಲಿಯೂ ಅರ್ಧರ್ಧ ಸತ್ಯವಿದೆ. ಕಿರಿಯರ ಮಾತು ಮೊದಲು ನಡೆಯತಕ್ಕದ್ದು, ಹಿರಿಯರದು ಅನಂತರ. ಕ್ರಮ ತಪ್ಪಿದರೆ ಎರಡೂ ಮನೆಯನ್ನು ಕೆಡಿಸುತ್ತವೆ. ಮುಂಗಾರಿಗೆ ಮುಂಚೆ ಮಾಡಿನ ಸ್ಥಿತಿಯನ್ನು ನೋಡಿಕೊಳ್ಳುವ ಗೃಹಸ್ಥರು ಆ ದಿನವೇ ಮನೆಮಂದಿಯೊಡನೆ ಒಂದು ಗಳಿಗೆ ಕುಳಿತು, ಮುಚ್ಚಿಟ್ಟ ಮಾತುಗಳಲ್ಲಿ ಇನ್ನೂ ಒಣಗದಿರುವುದು ಯಾವುದೆಂದು ಕೇಳುವ ಅಭ್ಯಾಸವನ್ನಿಟ್ಟುಕೊಂಡರೆ ಒಳ್ಳೆಯದೆಂದು ನನಗೆ ತೋರುತ್ತದೆ.