ಗಾಳಿ ಯಾರಪ್ಪನ ಸೊತ್ತು?

ನಮ್ಮ ಅಜ್ಜಂದಿರ ಕೈಯಲ್ಲಿ ತಮಟೆ ಇತ್ತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ಊರಿಗೆ ಸುದ್ದಿ ಮುಟ್ಟಿಸಬೇಕಾದರೆ ಕೇರಿಯವನೇ ಬರಬೇಕಾಗಿತ್ತು. ಕಂದಾಯ ಕಟ್ರಪ್ಪೋ ಅಂತ, ನಾಳೆ ಜಾತ್ರೆ ಅಂತ, ಊರಾಗೆ ಸಾವಾಗೈತೆ ಅಂತ ಬೀದಿ ಬೀದಿ ಸಾರಿದವರು ನಾವು. ಸದ್ದು ನಮ್ಮದು, ತೋಳಿನ ನೋವು ನಮ್ಮದು, ತೊಗಲು ಹದ ಮಾಡಿದ ಕೈಯೂ ನಮ್ಮದೇ. ಮಾತು ಮಾತ್ರ ಗೌಡನದು, ಶಾನುಭೋಗನದು. 'ನಮ್ಮ ಕೇರಿಗೆ ನೀರಿಲ್ಲ ಕಣ್ರಪ್ಪೋ' ಅಂತ ಸಾರುವ ಹಕ್ಕು ಆ ತಮಟೆಗೆ ಇರಲಿಲ್ಲ.

1961ರ ಕಾಯಿದೆ ಹಳ್ಳಿಯ ವಂಶಪಾರಂಪರ್ಯದ ಹುದ್ದೆಗಳನ್ನು ರದ್ದು ಮಾಡಿತು. ಆದರೆ ಪ್ರಶ್ನೆ ರದ್ದಾಗಲಿಲ್ಲ. ಸದ್ದು ಯಾರದು, ಮಾತು ಯಾರದು? ಎಫ್‌ಎಂ ರೇಡಿಯೊ ನೆಪದಲ್ಲಿ ಅದನ್ನೇ ಮತ್ತೆ ಕೇಳುತ್ತಿದ್ದೇವೆ.

1995ರ ಫೆಬ್ರವರಿಯಲ್ಲಿ, ಕ್ರಿಕೆಟ್ ಪ್ರಸಾರದ ಮೇಲೆ ಹುಟ್ಟಿದ ಜಗಳವೊಂದರಲ್ಲಿ, ಸುಪ್ರೀಂ ಕೋರ್ಟು ದೊಡ್ಡ ಮಾತೊಂದನ್ನು ಹೇಳಿತು. ಆಕಾಶದ ಅಲೆಗಳು ಸಾರ್ವಜನಿಕರ ಸ್ವತ್ತು, ಅವನ್ನು ಸಾರ್ವಜನಿಕರ ಹಿತಕ್ಕೇ ಬಳಸಬೇಕು ಎಂದು. ಓದಿ ಸಂತೋಷವಾಯಿತು. ಕೆರೆ ಎಲ್ಲರದು, ಗೋಮಾಳ ಎಲ್ಲರದು ಎಂದಾಗಲೂ ನಮಗೆ ಹೀಗೇ ಸಂತೋಷವಾಗಿತ್ತು. ಕೆರೆ ಎಲ್ಲರದಾದರೂ ಮೆಟ್ಟಿಲು ಯಾರದಾಗಿತ್ತು ಎಂಬುದನ್ನು ಅಂಬೇಡ್ಕರ್ 1927ರಲ್ಲಿ ಮಹಾಡದಲ್ಲಿ ತೋರಿಸಿಕೊಟ್ಟರು.

ಎಲ್ಲರ ಸ್ವತ್ತಾದ ಈ ಗಾಳಿಯನ್ನು ಸರ್ಕಾರ ಹರಾಜಿಗೆ ಇಟ್ಟಿತು. ದೇಶದ ಮೊದಲ ಖಾಸಗಿ ಎಫ್‌ಎಂ ನಿಲಯ 2001ರ ಜುಲೈನಲ್ಲಿ ಬೆಂಗಳೂರಿನಲ್ಲೇ ಮಾತಾಡಿತು. 2011ರ ನೀತಿ ಬಂದಾಗ ಲಕ್ಷ ಜನಸಂಖ್ಯೆ ಮುಟ್ಟಿದ ಊರುಗಳ ಕಡೆಗೆ ನೋಡಿತು. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಇನ್ನೂ 234 ಊರುಗಳಲ್ಲಿ 730 ವಾಹಿನಿಗಳ ಹರಾಜಿಗೆ ಒಪ್ಪಿತು. ಪಟ್ಟಿಯಲ್ಲಿ ತುಮಕೂರು ಇದೆ. ನಮ್ಮ ನಾಲ್ಕು ಇಲ್ಲ. 2011ರ ಜನಗಣತಿಯಲ್ಲಿ ಈ ನಾಲ್ಕರಲ್ಲಿ ಯಾವ ಪೇಟೆಯಲ್ಲೂ ಲಕ್ಷ ಜನ ಇರಲಿಲ್ಲ. ಹಳ್ಳಿಗಳನ್ನು ಸೇರಿಸಿ ಲೆಕ್ಕ ಹಾಕಿದರೆ ಒಂದೊಂದು ತಾಲೂಕೂ ಲಕ್ಷ ದಾಟುತ್ತದೆ. ಆದರೆ ಒತ್ತೊತ್ತಾಗಿ ಬದುಕುವ ಲಕ್ಷ ಜನ ಮಾತ್ರ ಜನ. ರಾಗಿ ಹೊಲ, ಕಡಲೆಕಾಯಿ ಹೊಲದ ನಡುವೆ ಚೆದುರಿ ಬದುಕುವ ಲಕ್ಷ ಜನ ಲೆಕ್ಕಕ್ಕಿಲ್ಲ. ಸೋಪು ಮಾರುವವನ ಕಣ್ಣಲ್ಲಿ ಮನುಷ್ಯ ಅಂದ್ರೆ ಗಿರಾಕಿ, ಅಷ್ಟೆ.

ದೊಡ್ಡ ಊರಿನ ಕಡೆಗೆ ಧ್ವನಿ ಹರಿದುಹೋಗುವುದು ಹೊಸದೇನಲ್ಲ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವ್ಯಾಟ್‌ನ ಪುಟ್ಟ ಯಂತ್ರ ಇಟ್ಟು 'ಆಕಾಶವಾಣಿ' ನಡೆಸಿದರು. 1955ರಲ್ಲಿ ಆ ನಿಲಯ ಬೆಂಗಳೂರಿಗೆ ಹೋಯಿತು. ಮೈಸೂರಿಗೆ ಮತ್ತೆ ನಿಲಯ ಬಂದಿದ್ದು 1974ರಲ್ಲಿ. ಮೈಸೂರಿನಂಥ ಮೈಸೂರೇ ಹತ್ತೊಂಬತ್ತು ವರ್ಷ ಕಾಯಬೇಕಾದರೆ ಪಾವಗಡ ಎಷ್ಟು ಕಾಯಬೇಕು? ಅಮೆರಿಕದಲ್ಲೂ ಸಣ್ಣ ಊರಿನ ಹೆಸರಲ್ಲಿ ಪರವಾನಗಿ ಪಡೆದ ನಿಲಯಗಳು ನಗರದ ಕಡೆಗೆ ಜರುಗುತ್ತಾ ಹೋದವು. 2011ರಲ್ಲಿ ಅಲ್ಲಿನ ಸರ್ಕಾರಿ ಆಯೋಗವೇ ಅದಕ್ಕೆ ಕಡಿವಾಣ ಹಾಕಬೇಕಾಯಿತು. ಹಣ ಇದ್ದ ಕಡೆಗೆ ಕಂಬ ನಡೆಯುತ್ತದೆ, ಅದಕ್ಕೆ ಜಾತಿ ದೇಶ ಇಲ್ಲ.

'ಕೇಳುವವರು ಕಡಿಮೆ ಇದ್ದಲ್ಲಿ ನಿಲಯ ಗಿಟ್ಟುವುದಿಲ್ಲ ಕಣ್ರಿ' ಎನ್ನುತ್ತಾರೆ. ಹತ್ತು ಮಕ್ಕಳ ಶಾಲೆ ಗಿಟ್ಟುತ್ತದೆಯೆ? ಹಳ್ಳಿಯ ಮೇಷ್ಟ್ರುಗಳೇ, ನೀವೇ ಹೇಳಿ. ಗಿಟ್ಟುವುದನ್ನೇ ನ್ಯಾಯ ಎಂದಿದ್ದರೆ ನಮ್ಮಲ್ಲಿ ಒಬ್ಬನೂ ಅಕ್ಷರ ಕಲಿಯುತ್ತಿರಲಿಲ್ಲ. 'ಎಲ್ಲರ ಕೈಲೂ ಮೊಬೈಲ್ ಐತಲ್ಲ' ಎನ್ನುವವರೂ ಇದ್ದಾರೆ. ಕರೆನ್ಸಿ ಹಾಕಿಸಿದರೆ ಐತೆ. ರೇಡಿಯೊಗೆ ತಿಂಗಳ ಬಾಡಿಗೆ ಇಲ್ಲ, ಅಕ್ಷರ ಬಾರದ ಅವ್ವನೂ ಕಳೆ ಕೀಳುತ್ತಾ ಕೇಳಬಹುದು.

ಎಫ್‌ಎಂ ಅಲೆಯ ಗುಣವನ್ನು ವಿದ್ಯಾರ್ಥಿ ಗೆಳೆಯರು ಗಮನಿಸಬೇಕು. ಹಳೆಯ ಮೀಡಿಯಂ ವೇವ್‌ನಲ್ಲಿ ಎರಡು ನಿಲಯ ಡಿಕ್ಕಿ ಹೊಡೆದರೆ ಎರಡೂ ಗೊಜಗೊಜ ಕೇಳುತ್ತಿದ್ದವು. ಕ್ಷೀಣ ದನಿಯವನೂ ಇದ್ದಾನೆ ಎಂದು ಗೊತ್ತಾಗುತ್ತಿತ್ತು. ಎಫ್‌ಎಂನಲ್ಲಿ ಹಾಗಲ್ಲ. ಒಂದೇ ಅಲೆಯಲ್ಲಿ ಇಬ್ಬರು ಬಂದರೆ ಬಲಶಾಲಿಯನ್ನು ಮಾತ್ರ ಪೆಟ್ಟಿಗೆ ಹಿಡಿದುಕೊಳ್ಳುತ್ತದೆ, ದುರ್ಬಲನನ್ನು ಪೂರ್ತಿ ಅಳಿಸಿಬಿಡುತ್ತದೆ. ಕೇಳುವವನಿಗೆ ಅಲ್ಲೊಂದು ದನಿ ಸತ್ತಿತು ಎಂಬುದೇ ತಿಳಿಯುವುದಿಲ್ಲ. ಎಷ್ಟು ಸ್ವಚ್ಛವಾಗಿ ಕೇಳ್ತದೆ ಅಂತ ಖುಷಿಪಡುತ್ತಾನೆ! ಈ ದೇಶದ ಸಂಸ್ಕೃತಿಯ ಸ್ವಚ್ಛತೆಯೂ ಇಂಥದ್ದೇ.

ಜೊತೆಗೆ ಈ ಅಲೆ ನೇರವಾಗಿ ಓಡುತ್ತದೆ, ಗುಡ್ಡ ಅಡ್ಡ ಬಂದರೆ ಸೋಲುತ್ತದೆ. ಮಧುಗಿರಿಯ ಏಕಶಿಲಾ ಬೆಟ್ಟ, ಕೊರಟಗೆರೆಯ ಸಿದ್ಧರಬೆಟ್ಟ, ಪಾವಗಡದ ಕೋಟೆ ಗುಡ್ಡ, ಎಲ್ಲಿ ನೋಡಿದರೂ ಕಲ್ಲು. 2006ರಿಂದ ಸಂಘಸಂಸ್ಥೆಗಳೂ ಸಮುದಾಯ ಬಾನುಲಿ ನಡೆಸಬಹುದು. ಆದರೆ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್ ಮೀರುವಂತಿಲ್ಲ, ಅದು ಮುಟ್ಟುವುದು ಹತ್ತು ಹದಿನೈದು ಕಿಲೋಮೀಟರ್. ತುಮಕೂರಿನಲ್ಲಿ ಅಂಥ ಬಾನುಲಿ ಮಾತಾಡಿದರೆ ಸುಮಾರು ನೂರು ಕಿಲೋಮೀಟರ್ ಆಚೆಯ ಪಾವಗಡಕ್ಕೆ ಏನು ಬಂತು? ಸಾಲದ್ದಕ್ಕೆ, ಸಮುದಾಯ ಬಾನುಲಿಗೆ ತಾನೇ ಸುದ್ದಿ ಕಟ್ಟಿ ಹೇಳುವ ಹಕ್ಕಿಲ್ಲ. ಅಜ್ಜನ ತಮಟೆಯ ಕತೆಯೇ. ಸದ್ದು ಮಾಡು, ಸುದ್ದಿ ಹೇಳಬೇಡ.

ಪಾವಗಡದ ಬಿಸಿಲಿನ ಕತೆ ನೋಡಿ. ತಿರುಮಣಿಯ ಸುತ್ತ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕು ಎದ್ದಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಪಹಣಿ ಇದ್ದವನಿಗೆ ಗೊತ್ತಾಯಿತು. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದ ಭೂಮಿ ಇಲ್ಲದವನಿಗೆ ಗುತ್ತಿಗೆಯೂ ಇಲ್ಲ, ಕೂಲಿಯೂ ಇಲ್ಲ. ಬಿಸಿಲು ಯಾರಪ್ಪನದೂ ಅಲ್ಲ, ಗಾಳಿಯೂ ಅಲ್ಲ. ಆದರೂ ಎರಡಕ್ಕೂ ಬೆಲೆ ಕಟ್ಟಿದ ದಿನ ನಮ್ಮ ಕೈ ಬರಿದಾಗಿತ್ತು.

ಹಾಗಾದರೆ ಊರಿಗೊಂದು ಕಂಬ ನೆಟ್ಟರೆ ನ್ಯಾಯ ಬಂದುಬಿಡುತ್ತದೆಯೆ? ಇಲ್ಲಿ ನಮ್ಮನ್ನೂ ನಾವು ಕೇಳಿಕೊಳ್ಳಬೇಕು. ನಾಳೆ ಮಧುಗಿರಿಯಲ್ಲಿ ಬಾನುಲಿ ಶುರುವಾದರೆ ಮೈಕು ಹಿಡಿಯುವವರು ಯಾರು? ಊರೋ, ಕೇರಿಯೋ? ಕೇರಿಯಾದರೆ, ಗಂಡಸೋ, ಹೆಂಗಸೋ? ಪಾವಗಡದ ಕೇರಿಗಳ ಎಷ್ಟೋ ಮನೆಗಳಲ್ಲಿ ಮನೆಮಾತು ತೆಲುಗು. ಆ ಅವ್ವನ ತೆಲುಗಿಗೆ ಕನ್ನಡದ ಮೈಕು ಜಾಗ ಕೊಡುತ್ತದೆಯೆ? ಬಲಶಾಲಿಯನ್ನು ಮಾತ್ರ ಹಿಡಿದುಕೊಳ್ಳುವ ಪೆಟ್ಟಿಗೆ ನಮ್ಮ ಸಂಘಟನೆಗಳ ಒಳಗೂ ಇದೆ. ಸಭೆಯಲ್ಲಿ ದೊಡ್ಡ ಗಂಟಲಿನವನು ಎದ್ದರೆ ಹಿಂದೆ ಕೂತವರ ದನಿ ಅಳಿಸಿಹೋಗುವುದನ್ನು ನಾವೇ ನೋಡಿದ್ದೇವೆ, ನಾವೇ ಮಾಡಿದ್ದೇವೆ.

ಆಗದ ಮಾತೇನಲ್ಲ ಇದು. ಆಗ ಮೇದಕ್ ಜಿಲ್ಲೆಯಲ್ಲಿದ್ದ ಜಹೀರಾಬಾದಿನ ಹತ್ತಿರ, ಮಾಚನೂರು ಎಂಬ ಹಳ್ಳಿಯಲ್ಲಿ, 2008ರ ಅಕ್ಟೋಬರ್‌ನಲ್ಲಿ ದಲಿತ ಹೆಣ್ಣುಮಕ್ಕಳೇ ಸಂಘಂ ರೇಡಿಯೊ ಶುರು ಮಾಡಿದರು. ಕೂಲಿ ಮಾಡಿದ ಕೈಗಳು ಯಂತ್ರ ನಡೆಸಿದವು. ಸಿರಿಧಾನ್ಯದ ಬಿತ್ತನೆ, ಮನೆಮದ್ದು, ತಮ್ಮ ಹಾಡು, ತಮ್ಮ ತೆಲುಗು, ಎಲ್ಲ ತಮ್ಮದೇ ಬಾಯಲ್ಲಿ. ಅವರು ಮಾತಾಡಲು ಯಾವ ಮಾರುಕಟ್ಟೆಯ ಒಪ್ಪಿಗೆಗೂ ಕಾಯಲಿಲ್ಲ.

ಕೇಳಿಸಿಕೊಳ್ಳುವುದು ದಾನವಲ್ಲ, ಹಕ್ಕು. ಮಾತಾಡುವುದು ಅದಕ್ಕಿಂತ ಮೊದಲಿನ ಹಕ್ಕು. ನೂರು ವ್ಯಾಟ್‌ನ ಮಿತಿ ಹೋಗಲಿ, ಸುದ್ದಿಯ ಮೇಲಿನ ನಿಷೇಧ ಹೋಗಲಿ, ಲಕ್ಷದ ಲೆಕ್ಕ ಹೋಗಲಿ ಎಂದು ಸರ್ಕಾರವನ್ನು ಕೇಳೋಣ. ಅದಕ್ಕೂ ಮುಂಚೆ, ಮುಂದಿನ ಸಭೆಯಲ್ಲಿ ಹಿಂದೆ ಕೂತ ಅವ್ವನ ಕೈಗೆ ಮೈಕು ಕೊಟ್ಟು ನಾವು ಸುಮ್ಮನೆ ಕೂರೋಣ. ಅಜ್ಜ ಹೊತ್ತ ತಮಟೆಯಲ್ಲಿ ಅವಳ ಮಾತು ಇನ್ನೂ ಸಾರದೆ ಉಳಿದಿದೆ.