ಕೆಳಗಿದ್ದವರ ಲೆಕ್ಕ

2023ರ ಆಗಸ್ಟ್ 17, ಗುರುವಾರ ಮಧ್ಯಾಹ್ನ. ಲಂಕಾವಿಯಿಂದ ಹೊರಟಿದ್ದ ಒಂದು ಪುಟ್ಟ ಖಾಸಗಿ ಜೆಟ್ ಸುಬಾಂಗ್ ವಿಮಾನ ನಿಲ್ದಾಣದಲ್ಲಿ ಇಳಿಯಲು ಇನ್ನು ಕೆಲವೇ ನಿಮಿಷಗಳಿದ್ದವು. ಇಳಿಯುವುದಕ್ಕೆ ಅನುಮತಿಯೂ ಸಿಕ್ಕಿತ್ತು. ಅಪಾಯದ ಕರೆ ಬರಲೇ ಇಲ್ಲ. ಶಾ ಆಲಂನ ಎಲ್ಮಿನಾ ಬಡಾವಣೆಯ ರಸ್ತೆಯ ಮೇಲೆ ಅದು ಬಿದ್ದು ಸುಟ್ಟುಹೋಯಿತು. ಒಳಗಿದ್ದ ಎಂಟು ಮಂದಿಯೂ ತೀರಿಕೊಂಡರು. ಪಹಾಂಗ್ ರಾಜ್ಯದ ಕಾರ್ಯಕಾರಿ ಮಂಡಳಿಯ ಸದಸ್ಯ ಜೋಹಾರಿ ಹರುನ್ ಅವರಲ್ಲಿ ಒಬ್ಬರು. ಆ ಕ್ಷಣಕ್ಕೆ ಸರಿಯಾಗಿ ರಸ್ತೆಯಲ್ಲಿ ಒಂದು ಕಾರು, ಒಂದು ಮೋಟಾರ್ ಸೈಕಲ್ ಸಾಗುತ್ತಿದ್ದವು. ಅವೆರಡರಲ್ಲಿದ್ದವರೂ ಹೋದರು. ಸತ್ತವರು ಒಟ್ಟು ಹತ್ತು ಎಂದು ಪತ್ರಿಕೆಗಳು ಬರೆದವು. ನಾನು ಮಾತ್ರ ಅಂದಿನಿಂದಲೂ ಅದನ್ನು ಎಂಟು ಮತ್ತು ಎರಡು ಎಂದೇ ಎಣಿಸುತ್ತಿದ್ದೇನೆ.

ಸುಬಾಂಗ್ ನಮ್ಮಂಥ ಹಳಬರಿಗೆ ಗೊತ್ತಿರುವ ನಿಲ್ದಾಣ. 1998ರಲ್ಲಿ ಸೆಪಾಂಗಿನ ಹೊಸ ನಿಲ್ದಾಣ ತೆರೆಯುವವರೆಗೂ ಊರಿನಿಂದ ಬಂದವರೆಲ್ಲ ಇಳಿಯುತ್ತಿದ್ದುದು ಅಲ್ಲೇ. ಆಮೇಲೆ ಅದು ಸಣ್ಣ ವಿಮಾನಗಳ, ಹೆಲಿಕಾಪ್ಟರುಗಳ ತಾಣವಾಯಿತು. ಸುತ್ತಲಿನ ತೋಟಗಳು ಮನೆಗಳಾದವು. 1977ರ ಸೆಪ್ಟೆಂಬರ್ 27ರಂದು ಜಪಾನ್ ಏರ್‌ಲೈನ್ಸಿನ ದೊಡ್ಡ ವಿಮಾನವೊಂದು ಸುಬಾಂಗಿನಲ್ಲಿ ಇಳಿಯಲು ಬರುವಾಗ ಬಿದ್ದದ್ದೂ ಇದೇ ಎಲ್ಮಿನಾ ಎಸ್ಟೇಟಿನಲ್ಲಿ. ವಿಮಾನದಲ್ಲಿದ್ದ 79 ಜನರಲ್ಲಿ 34 ಮಂದಿ ಸತ್ತರು. ಆಗ ಕೆಳಗೆ ಇದ್ದದ್ದು ರಬ್ಬರ್ ಮರಗಳು. 2024ರ ಫೆಬ್ರವರಿ 13ರಂದು ಸುಬಾಂಗಿನಿಂದಲೇ ಹಾರಿದ ಹಗುರ ವಿಮಾನವೊಂದು ಕಾಪಾರ್ ಬಳಿ ಬಿದ್ದು ಒಳಗಿದ್ದ ಇಬ್ಬರು ಸತ್ತಾಗಲೂ ಕೆಳಗಿದ್ದದ್ದು ಎಣ್ಣೆ ತಾಳೆಯ ತೋಟ. ಎಲ್ಮಿನಾದಲ್ಲಿ ಆ ಗುರುವಾರ ತೋಟದ ಜಾಗದಲ್ಲಿ ರಸ್ತೆಯಿತ್ತು, ರಸ್ತೆಯಲ್ಲಿ ಜನರಿದ್ದರು.

ಮಲೇಷ್ಯಾದ ವಾಯು ಅಪಘಾತ ತನಿಖಾ ಸಂಸ್ಥೆಯ ಅಂತಿಮ ವರದಿ ಹೇಳುವ ಪ್ರಕಾರ, ನೆಲ ಮುಟ್ಟಿದ ಮೇಲಷ್ಟೇ ರೆಕ್ಕೆಯ ಮೇಲೆ ತೆರೆದುಕೊಳ್ಳಬೇಕಾದ ಫಲಕಗಳು ಆಕಾಶದಲ್ಲಿರುವಾಗಲೇ ತೆರೆದುಕೊಂಡವು. ಇಳಿಯುವ ಮುಂಚಿನ ತಪಾಸಣೆಯ ಹೊತ್ತಿನಲ್ಲಿ ಯಾರೂ ಬೇಕೆಂದು ಮಾಡದ ಒಂದು ಕೈಚಲನೆ ಅದಕ್ಕೆ ಕಾರಣ. ಇಂಥ ವರದಿಗಳು ಅಂತರರಾಷ್ಟ್ರೀಯ ನಿಯಮದಂತೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತವೆ: ತನಿಖೆಯ ಉದ್ದೇಶ ಮುಂದೆ ಇಂಥದು ಆಗದಂತೆ ತಡೆಯುವುದು, ಯಾರ ಮೇಲೂ ತಪ್ಪು ಹೊರಿಸುವುದಲ್ಲ. ಇದು ಸರಿಯಾದ ನಿಯಮ. ಶಿಕ್ಷೆಯ ಭಯವಿದ್ದರೆ ಯಾರೂ ನಿಜ ಹೇಳುವುದಿಲ್ಲ. ಆದರೆ ತಪ್ಪು ಯಾರದೆಂದು ಹೇಳಲೊಲ್ಲದ ಆ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡ ಮೋಟಾರ್ ಸೈಕಲ್ ಸವಾರನ ಮನೆಯವರು ಏನು ಕೇಳಬೇಕು, ಯಾರನ್ನು ಕೇಳಬೇಕು?

ಕನ್ನಡದಲ್ಲಿ ನಮಗೆ ತಪ್ಪು, ಹೊಣೆ ಎಂಬ ಎರಡು ಪದಗಳಿವೆ. ದಿನದ ಮಾತಿನಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಿಬಿಡುತ್ತೇವೆ. ಆದರೆ ಸಾಲಕ್ಕೆ ಹೊಣೆ ನಿಂತವನು ಯಾವ ತಪ್ಪನ್ನೂ ಮಾಡಿರುವುದಿಲ್ಲ. ಸಾಲಗಾರ ಕೈಯೆತ್ತಿದರೆ ತೀರಿಸಬೇಕಾದವನು ಇವನೇ. ವಿಮಾನದ ಕಾನೂನಿನಲ್ಲೂ ಈ ಹೊಣೆಗೆ ಒಂದು ಹಳೆಯ ಕತೆಯಿದೆ. 1920ರಲ್ಲಿ ಬ್ರಿಟಿಷ್ ಸಂಸತ್ತಿನ ಮುಂದೆ ಒಂದು ತೊಡಕು ಇತ್ತು. ಭೂಮಿ ಯಾರದೋ ಅದರ ಮೇಲಿನ ಆಕಾಶವೂ ಅವನದೇ ಎಂಬ ಹಳೆಯ ನಂಬಿಕೆ ಉಳಿದರೆ ಪ್ರತಿ ರೈತನೂ ವಿಮಾನದ ಮೇಲೆ ಅತಿಕ್ರಮಣದ ದಾವೆ ಹೂಡಬಹುದು. ಹಾಗಾಗಿ ಆ ವರ್ಷದ ವಾಯುಯಾನ ಕಾಯ್ದೆ ಒಂದು ವ್ಯವಹಾರ ಕುದುರಿಸಿತು. ಸಾಕಷ್ಟು ಎತ್ತರದಲ್ಲಿ ಹಾರಿದರೆ ಕೆಳಗಿನವನು ದೂರುವಂತಿಲ್ಲ. ಅದಕ್ಕೆ ಪ್ರತಿಯಾಗಿ, ವಿಮಾನವೋ ಅದರಿಂದ ಉದುರಿದ ವಸ್ತುವೋ ಕೆಳಗಿನವನಿಗೆ ಹಾನಿ ಮಾಡಿದರೆ ಮಾಲೀಕ ತೆರಬೇಕು. ನಿರ್ಲಕ್ಷ್ಯವಿತ್ತೆಂದು ಸಾಬೀತು ಮಾಡುವ ಭಾರ ಗಾಯಗೊಂಡವನ ಮೇಲಿಲ್ಲ.

ಮಲೇಷ್ಯಾದ 1969ರ ನಾಗರಿಕ ವಿಮಾನಯಾನ ಕಾಯ್ದೆ ಈ ವ್ಯವಹಾರದ ಎರಡೂ ಭಾಗಗಳನ್ನು ಇಟ್ಟುಕೊಂಡಿದೆ. ಭಾರತದ 1934ರ ವಿಮಾನ ಕಾಯ್ದೆ, ಮೊನ್ನೆ ಮೊನ್ನೆಯವರೆಗೆ ಜಾರಿಯಲ್ಲಿದ್ದದ್ದು, ಮೊದಲ ಭಾಗವನ್ನು ತನ್ನ 17ನೇ ಕಲಮಿನಲ್ಲಿ ಹೆಚ್ಚುಕಡಿಮೆ ಹಾಗೇ ತೆಗೆದುಕೊಂಡಿತು: ಹಾರಾಟದ ಮಾತ್ರಕ್ಕೆ ದಾವೆ ಹೂಡುವಂತಿಲ್ಲ. ಕಲಂ ಅಲ್ಲಿಗೇ ನಿಂತುಬಿಟ್ಟಿತು. ವಸಾಹತಿನ ಪ್ರಜೆಯಿಂದ ಆಕಾಶವನ್ನು ಪಡೆದರು, ಬದಲಿಗೆ ಕೊಡಬೇಕಾದ್ದನ್ನು ಬಿಟ್ಟರು. ಇದನ್ನು ಮೊದಲು ಓದಿದಾಗ ನನಗೆ ಆಶ್ಚರ್ಯಕ್ಕಿಂತ ಸಿಟ್ಟೇ ಬಂದಿತ್ತು. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ವೈದ್ಯಕೀಯ ಕಾಲೇಜಿನ ವಸತಿಗೃಹದ ಮೇಲೆ ಏರ್ ಇಂಡಿಯಾ ವಿಮಾನ ಬಿದ್ದು ನೆಲದ ಮೇಲಿದ್ದ 19 ಮಂದಿ ಸತ್ತಾಗ, ಟಾಟಾ ಸಮೂಹ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೆ ಒಂದು ಕೋಟಿ ರೂಪಾಯಿ ಘೋಷಿಸಿತು. ಒಳ್ಳೆಯದೇ. ಆದರೆ ಅವರಾಗಿ ಕೊಟ್ಟದ್ದಕ್ಕೂ ನಮಗೆ ಬರಬೇಕಾಗಿದ್ದದ್ದಕ್ಕೂ ವ್ಯತ್ಯಾಸವಿದೆ. ಊಟದ ಮನೆಯಲ್ಲಿ ಬಡಿಸುವವನ ಮುಖ ನೋಡಿ ಕುಳಿತವನಿಗೆ ಅದು ಗೊತ್ತು.

ಬ್ರಿಕ್‌ಫೀಲ್ಡ್ಸಿನಲ್ಲಿ ಒಮ್ಮೆ ಊಟದ ಹೊತ್ತಿಗೆ ನಾನು ಇದನ್ನೆಲ್ಲ ಹೇಳುತ್ತಿದ್ದಾಗ ಪುತ್ತೂರು ಕಡೆಯ ಹಿರಿಯರೊಬ್ಬರು ಸಾರು ಅನ್ನ ಕಲಸುತ್ತಲೇ ಕೇಳಿದರು: "ಅವರವರ ಆಯುಸ್ಸು ಮುಗಿದಿತ್ತು ಮಾರಾಯ್ರೆ. ಇದರಲ್ಲಿ ಕೋರ್ಟು ಎಂತ ಮಾಡ್ತದೆ?"

"ಆಯುಸ್ಸಿನ ವಿಷಯ ನನಗೆ ಗೊತ್ತಿಲ್ಲ ರಾಯರೇ. ಅವನ ಮಕ್ಕಳ ಫೀಸಿನ ವಿಷಯ ಹೇಳ್ತಿದ್ದೇನೆ" ಎಂದೆ.

ಅವರು ನಕ್ಕರು. ಆದರೆ ಅವರ ಮಾತಿನ ಒಳಗೊಂದು ಗಟ್ಟಿ ಪ್ರಶ್ನೆಯಿತ್ತು. ಈ ದೇಶದ ರಸ್ತೆಗಳಲ್ಲಿ ವರ್ಷಕ್ಕೆ ಆರು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ, ಅವರಲ್ಲಿ ಹೆಚ್ಚಿನವರು ಮೋಟಾರ್ ಸೈಕಲಿನವರು. ಅಲ್ಲಿ ತಪ್ಪು ಯಾರದೆಂದು ತೋರಿಸದೆ ಇನ್ನೊಬ್ಬ ಚಾಲಕನಿಂದ ಪರಿಹಾರ ಪಡೆಯುವಂತಿಲ್ಲ. ಹಾಗಿರುವಾಗ ಆಕಾಶದಿಂದ ಬಿದ್ದದ್ದಕ್ಕೆ ಮಾತ್ರ ಬೇರೆ ನ್ಯಾಯ ಏಕೆ? ಅಮೆರಿಕದ ಕಾನೂನು ಚಿಂತಕ ಜಾರ್ಜ್ ಫ್ಲೆಚರ್ 1972ರಲ್ಲಿ ಬರೆದ ಪ್ರಬಂಧವೊಂದರಲ್ಲಿ ನನಗೆ ಒಪ್ಪಿಗೆಯಾಗುವ ಉತ್ತರವಿದೆ. ರಸ್ತೆಯಲ್ಲಿ ನಾನು ನಿಮಗೆ ಅಪಾಯ, ನೀವು ನನಗೆ ಅಪಾಯ. ಕೊಟ್ಟು ತೆಗೆದುಕೊಳ್ಳುವ ಲೆಕ್ಕ. ವಿಮಾನ ಕೆಳಗಿನವನ ಮೇಲೆ ಅಪಾಯವನ್ನು ಹೊರಿಸುತ್ತದೆ, ಅವನು ವಿಮಾನದ ಮೇಲೆ ಏನನ್ನೂ ಹೊರಿಸಲಾರ. ಆ ಮಧ್ಯಾಹ್ನದ ಹಾರಾಟದಿಂದ ಸಿಗುವ ವೇಗ, ಅನುಕೂಲ ಎಲ್ಲ ಒಳಗಿದ್ದವರದು. ಹೊರಗಿದ್ದ ಇಬ್ಬರಿಗೆ ಅಲ್ಲೊಂದು ವಿಮಾನವಿದೆ ಎಂಬುದೇ ತಿಳಿದಿರಲಿಕ್ಕಿಲ್ಲ.

ಎದುರುವಾದವೂ ಇದೆ. ನಿಲ್ದಾಣ ಮೊದಲು ಬಂತು, ಬಡಾವಣೆ ಆಮೇಲೆ. ಅಗ್ಗದಲ್ಲಿ ಮನೆ ಕೊಂಡವನು ಅಪಾಯವನ್ನೂ ಸೇರಿಸಿಯೇ ಕೊಂಡ ಎನ್ನುತ್ತಾರೆ. ಶಬ್ದದ ದೂರಿಗೆ ಈ ಮಾತು ಸ್ವಲ್ಪ ಒಪ್ಪುತ್ತದೆ. ಸಾವಿಗೆ ಒಪ್ಪುವುದಿಲ್ಲ, ಅದರಲ್ಲೂ ಹಾದುಹೋಗುತ್ತಿದ್ದವನ ಸಾವಿಗೆ. ಸಣ್ಣ ವಿಮಾನಗಳ ಮಾಲೀಕರಿಗೆ ಇದು ಭಾರವಲ್ಲವೇ ಎಂದರೆ, ಭಾರವೇ. ವಿಮೆ ಇರುವುದು ಅದಕ್ಕೇ. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ತೊಡಕು. ಬೇರೆ ದೇಶದಲ್ಲಿ ನೋಂದಣಿಯಾದ ವಿಮಾನಗಳು ಇಲ್ಲಿ ಹಾರುತ್ತವೆ. ಎಲ್ಮಿನಾದಲ್ಲಿ ಬಿದ್ದದ್ದರ ಸಂಖ್ಯೆ ಅಮೆರಿಕದ್ದು. ಇಂಥ ವಿಮಾನಗಳ ಕಾಗದದ ಮೇಲಿನ ಮಾಲೀಕ ಒಬ್ಬ, ನಡೆಸುವವ ಇನ್ನೊಬ್ಬ ಆಗಿರಬಹುದು. ಕಾನೂನು 'ಮಾಲೀಕ' ಎಂದು ಒಂದೇ ಪದದಲ್ಲಿ ಹೇಳಿ ಮುಗಿಸಿದ್ದನ್ನು ಹುಡುಕಿಕೊಂಡು ಹೋಗುವ ಕೆಲಸ ಸತ್ತವನ ಹೆಂಡತಿಗೆ ಉಳಿಯುತ್ತದೆ.

ಹೊಣೆ ಯಾರದೆಂದು ತೀರ್ಮಾನವಾದ ಮೇಲೆ ಎಷ್ಟು ಎಂಬ ಪ್ರಶ್ನೆ ಬರುತ್ತದೆ. ಇಲ್ಲಿನ 1956ರ ಸಿವಿಲ್ ಕಾನೂನು ಕಾಯ್ದೆ ಸಾವಿನ ಪರಿಹಾರಕ್ಕೆ ಒಂದು ಸೂತ್ರ ಕೊಟ್ಟಿದೆ. ಸತ್ತವನಿಗೆ ಮೂವತ್ತು ಅಥವಾ ಅದಕ್ಕಿಂತ ಕಡಿಮೆ ವಯಸ್ಸಾಗಿದ್ದರೆ ಹದಿನಾರು ವರ್ಷದ ಗಳಿಕೆ. ದಾಟಿದ್ದರೆ ಅರವತ್ತರಿಂದ ವಯಸ್ಸನ್ನು ಕಳೆದು ಎರಡರಿಂದ ಭಾಗಿಸಬೇಕು. ನಲವತ್ತರವನಾದರೆ ಹತ್ತು ವರ್ಷ. ಅದರಲ್ಲಿ ಅವನ ಸ್ವಂತ ಖರ್ಚು ಕಳೆಯಬೇಕು. ಮುಂದೆ ಸಂಬಳ ಹೆಚ್ಚುತ್ತಿತ್ತು ಎಂಬ ವಾದವನ್ನು ನ್ಯಾಯಾಲಯ ಕೇಳುವಂತಿಲ್ಲ. ಅಗಲಿಕೆಯ ದುಃಖಕ್ಕೆ 30,000 ರಿಂಗಿಟ್. 2019ರ ತಿದ್ದುಪಡಿಗೆ ಮೊದಲು ಅದು 10,000 ಇತ್ತು. ಒಂದೇ ರಸ್ತೆಯಲ್ಲಿ, ಒಂದೇ ಬೆಂಕಿಯಲ್ಲಿ ಸತ್ತ ಇಬ್ಬರ ಕುಟುಂಬಗಳಿಗೆ ಸಿಗುವ ಮೊತ್ತವನ್ನು ಅವರ ಕಳೆದ ತಿಂಗಳ ಸಂಬಳದ ಚೀಟಿ ನಿರ್ಧರಿಸುತ್ತದೆ.

ನಮ್ಮೂರ ಕಡೆಯವರಿಗೆ ಈ ಲೆಕ್ಕ ಹೊಸದಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ ದುಬೈನಿಂದ ಬಂದ ವಿಮಾನ ಕಮರಿಗೆ ಉರುಳಿ 158 ಮಂದಿ ಸತ್ತರು. ಕಾಸರಗೋಡಿನವರು, ದಕ್ಷಿಣ ಕನ್ನಡದವರು, ಕೊಲ್ಲಿಯಲ್ಲಿ ಚಿಕ್ಕ ಸಂಬಳಕ್ಕೆ ದುಡಿಯುತ್ತಿದ್ದವರು ಅವರಲ್ಲಿ ಬಹಳ. 2011ರಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ, ಗಳಿಕೆ ಎಷ್ಟೇ ಇರಲಿ, ಪ್ರತಿ ಕುಟುಂಬಕ್ಕೂ ಕನಿಷ್ಠ 75 ಲಕ್ಷ ರೂಪಾಯಿ ಕೊಡಬೇಕೆಂದಿತು. ವಿಭಾಗೀಯ ಪೀಠ ಅದನ್ನು ಒಪ್ಪಲಿಲ್ಲ. 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ದೊಡ್ಡ ಹುದ್ದೆಯಲ್ಲಿದ್ದ ಒಬ್ಬರ ಕುಟುಂಬಕ್ಕೆ 7.64 ಕೋಟಿ ನಿಗದಿ ಮಾಡಿತು. ಅದು ಅವರ ನಷ್ಟಕ್ಕೆ ಸರಿಯಾದ ಮೊತ್ತವೇ ಇರಬೇಕು, ಕಡಿಮೆ ಆಗಲಿ ಎಂದು ನಾನು ಹೇಳುವುದಿಲ್ಲ. ಆ 75 ಲಕ್ಷದ ಕೆಳಮಿತಿ ಉಳಿಯದೆ ಹೋದದ್ದು ಮಾತ್ರ ನನಗೆ ಇನ್ನೂ ಒಪ್ಪಿಗೆಯಾಗಿಲ್ಲ.

ಎಲ್ಲರಿಗೂ ಅಂಥ ಕೆಳಮಿತಿ ಬರುವುದು ಕಷ್ಟವೆಂದಾದರೆ, ಮೊದಲು ಕೆಳಗಿದ್ದವರಿಗಾದರೂ ಬರಲಿ ಎನ್ನುತ್ತೇನೆ. ಪ್ರಯಾಣಿಕನ ಕೈಯಲ್ಲಿ ಟಿಕೆಟ್ಟೋ ಆಹ್ವಾನವೋ ಇರುತ್ತದೆ, ಹತ್ತುವ ಮುಂಚೆ ವಿಮೆ ಮಾಡಿಸಿಕೊಳ್ಳುವ ಅವಕಾಶ ಇರುತ್ತದೆ. ರಸ್ತೆಯಲ್ಲಿದ್ದವನು ಆ ಹಾರಾಟದ ಯಾವ ಕಾಗದದಲ್ಲೂ ಇಲ್ಲ. 2024ರ ಆಗಸ್ಟಿನಿಂದ ಸುಬಾಂಗಿಗೆ ದೊಡ್ಡ ಜೆಟ್‌ಗಳು ಮತ್ತೆ ಬರತೊಡಗಿವೆ. ಸಣ್ಣವೂ ಮೊದಲಿನಂತೆಯೇ ಹಾರುತ್ತಿವೆ.