ವೈರಾಗ್ಯವೋ, ವೇದನೆಯೋ?

ಮುಪ್ಪಡರಿದವರ ಬಾಯಿಂದ “ಸಾಕಾಯಿತು, ಶಿವನು ಇನ್ನಾದರೂ ಕರೆದುಕೊಳ್ಳಬಾರದೇ” ಎಂಬ ಮಾತು ಬರುವುದುಂಟು. ಅದನ್ನು ಕೇಳಿದ ಮನೆಯವರು, ಹಿರಿಯರಿಗೆ ಮೋಹ ಕಳೆದಿದೆಯೆಂದು ತಲೆದೂಗಿ ತಮ್ಮ ಕೆಲಸಕ್ಕೆ ತೆರಳುತ್ತಾರೆ. ಆ ಮಾತು ವೈರಾಗ್ಯದಿಂದ ಹುಟ್ಟಿತೋ ವೇದನೆಯಿಂದ ಹುಟ್ಟಿತೋ ಎಂದು ವಿಚಾರಿಸುವವರು ವಿರಳ. ಎರಡೂ ಒಂದೇ ನುಡಿಯನ್ನು ಆಡಿಸಬಲ್ಲವು. ಆದರೆ ಅವುಗಳಿಗಿರುವ ಅಂತರ ಅಜಗಜಾಂತರ.

ಬದುಕುವ ಬಯಕೆಯನ್ನು ಅಳೆಯಲು ವಿದ್ವಾಂಸರು ಯತ್ನಿಸಿದ್ದಾರೆ. ಅವರು ಬಳಸಿದ ಸಾಧನವು ಬಹು ಸರಳವಾದುದು: ವೃದ್ಧರನ್ನೇ ಕೇಳುವುದು. ಇಸ್ರೇಲಿನ ಸಾರಾ ಕಾರ್ಮೆಲ್ ಎಂಬ ವಿದುಷಿಯು ಈ ಬಯಕೆಯ ಬಲವನ್ನು ವೃದ್ಧರಿಂದಲೇ ಕೇಳಿ ತಿಳಿದು, 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದು ಪುರುಷರಿಗಿಂತ ಸ್ತ್ರೀಯರಲ್ಲಿ ಕ್ಷೀಣವಾಗಿರುವುದನ್ನು ತೋರಿಸಿದರು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 2000ನೆಯ ಇಸವಿಯಲ್ಲಿ, 75ರಿಂದ 90 ವರ್ಷದ 283 ಮಂದಿಯನ್ನು “ಇನ್ನೆಷ್ಟು ವರ್ಷ ಬದುಕಬಯಸುವಿರಿ?” ಎಂದು ಕೇಳಲಾಯಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ, ಐದು ವರ್ಷವೂ ಬೇಡವೆಂದವರಲ್ಲಿ ಶೇಕಡಾ 68ರಷ್ಟು ಮಂದಿ ತೀರಿಕೊಂಡಿದ್ದರು. ಹತ್ತಕ್ಕೂ ಮಿಗಿಲಾಗಿ ಬಯಸಿದವರಲ್ಲಿ ಶೇಕಡಾ 33ರಷ್ಟು ಮಂದಿ ಮಾತ್ರ. ವಯಸ್ಸು, ರೋಗಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಈ ಅಂತರ ಉಳಿಯಿತು. ಬಯಕೆಯೊಂದೇ ಆಯುಷ್ಯವನ್ನು ಬೆಳೆಸಿತೆಂದು ಇದರಿಂದ ಸಿದ್ಧವಾಗದು. ಆದರೆ ವೃದ್ಧರ ಮಾತು ಬರಿಯ ಮಾತಲ್ಲವೆಂಬುದಂತೂ ಸ್ಪಷ್ಟ.

ಇನ್ನೂ ಮನಮುಟ್ಟುವ ಸಂಗತಿಯೊಂದು ಕೆನಡಾದಿಂದ 1999ರಲ್ಲಿ ಪ್ರಕಟವಾಯಿತು. ಅಲ್ಲಿ ವೃದ್ಧರೂ ಸೇರಿದಂತೆ, ಮರಣಾಸನ್ನರಾದ 168 ಕ್ಯಾನ್ಸರ್ ರೋಗಿಗಳ ಬದುಕುವ ಬಯಕೆಯನ್ನು ದಿನಕ್ಕೆರಡು ಬಾರಿ ಗುರುತಿಸಲಾಯಿತು. ಅದು ಸ್ಥಿರವಾಗಿರಲಿಲ್ಲ, ಅಲ್ಪಕಾಲದಲ್ಲಿಯೇ ಏರಿತು, ಇಳಿಯಿತು. ಖಿನ್ನತೆ, ಕಳವಳ, ಉಸಿರಾಟದ ತೊಂದರೆಗಳೊಡನೆ ಅದರ ಏರಿಳಿತವು ಹೆಣೆದುಕೊಂಡಿತ್ತು. ನಿಜವಾದ ವೈರಾಗ್ಯವು ಉಸಿರು ಸರಾಗವಾದೊಡನೆ ಮಾಯವಾಗುವುದೇ? ಹಾಗೆ ಮಾಯವಾಗುವುದು ವೇದನೆ. ಅದಕ್ಕೆ ಬೇಕಾದುದು ಪ್ರಶಂಸೆಯಲ್ಲ, ಆರೈಕೆ.

ಬದುಕಬಯಸುವುದು ಆಶೆಯಲ್ಲವೇ, ಆಶೆಯನ್ನು ಶರಣರು ಹಳಿಯಲಿಲ್ಲವೇ ಎಂದು ಕೆಲವರು ಶಂಕಿಸಬಹುದು. ಆಯ್ದಕ್ಕಿ ಮಾರಯ್ಯನು ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನು ಅದನ್ನು ಮರಳಿ ಸುರಿದುಬರುವಂತೆ ಹೇಳಿದಳು. ಆಕೆ ನಿರಾಕರಿಸಿದುದು ಹೆಚ್ಚಿನ ಅಕ್ಕಿಯನ್ನು, ನಾಳಿನ ಕಾಯಕವನ್ನಲ್ಲ. ಶರಣರು ತೊರೆದುದು ಸಂಗ್ರಹದ ಆಶೆಯನ್ನೇ ಹೊರತು ಬದುಕನ್ನಲ್ಲ. ಲಿಂಗವನ್ನು ಧರಿಸಿದ ಕಾಯವು ಮುಪ್ಪಾದ ಮಾತ್ರಕ್ಕೆ ತಾತ್ಸಾರಕ್ಕೆ ಯೋಗ್ಯವಾಗದು.

ಆದುದರಿಂದ “ಸಾಕಾಯಿತು” ಎಂಬ ನುಡಿ ಕಿವಿಗೆ ಬಿದ್ದಾಗ ಗೃಹಸ್ಥರು ಹಿರಿಯರ ಬಳಿ ಕುಳಿತುಕೊಳ್ಳಬೇಕು. “ಯಾವುದು ಸಾಕಾಯಿತು, ಅವ್ವಾ? ನೋವೇ, ನಿದ್ದೆಗೆಟ್ಟ ಇರುಳೇ, ಒಂಟಿತನವೇ?” ಎಂದು ಕೇಳಬೇಕು. ನೋವಿದ್ದರೆ, ಮನಸ್ಸು ಕುಗ್ಗಿದ್ದರೆ, ವೈದ್ಯರಲ್ಲಿಗೆ ಕರೆದೊಯ್ಯಬೇಕು. ಕೈಗೆ ಒಗ್ಗುವ ಕಾಯಕವನ್ನು ಉಳಿಸಿಕೊಡಬೇಕು. ಮನೆಯ ಆಲೋಚನೆಗಳಲ್ಲಿ ಅವರ ಮಾತಿಗೆ ಎಡೆಯಿರಬೇಕು. ಇಷ್ಟನ್ನೂ ಮಾಡಿದ ಮೇಲೆ, ಹಿರಿಯರು ಪ್ರಸನ್ನಚಿತ್ತದಿಂದ “ಶಿವನ ಇಚ್ಛೆ” ಎಂದರೆ ಅದು ವೈರಾಗ್ಯ, ಅದಕ್ಕೆ ಕೈಮುಗಿಯಬೇಕು. ವಿಚಾರಿಸುವುದಕ್ಕೆ ಮುನ್ನವೇ ಕೈಮುಗಿಯುವುದು ಭಕ್ತಿಯಲ್ಲ, ಉಪೇಕ್ಷೆ. ಮಹಾಮನೆಯ ದಾಸೋಹವನ್ನು ಕೊಂಡಾಡುವವರು ತಮ್ಮ ಮನೆಯ ಮೂಲೆಯ ಹಾಸಿಗೆಯನ್ನು ಮೊದಲು ನೋಡಲಿ. ದಾಸೋಹವು ಅಲ್ಲಿಂದಲೇ ಮೊದಲಾಗಲಿ.